ಮೋಡಕ್ಕಿಂತ ಮೇಲಿನ ಧೂಳು

ಸೂರ್ಯ ಇಳಿಯುತ್ತಿದ್ದಾನೋ ಕರಗುತ್ತಿದ್ದಾನೋ, ಹಳದಿಯೆಲ್ಲ ಅಂಚು ದಾಟಿ ಹರಿದಿದೆ, ಶಿಕಾರಿಪುರದ ಕೆರೆ ಏರಿಯ ಮೇಲೆ ನಿಂತ ಟೈಲರ್ ಗುಲಾಬ್ ಸಾಬ್ ಕಣ್ಣು ಕಿರಿದು ಮಾಡಿದ, ಅಗಲಿಸಿದ, ಹಳದಿ ಹಾಗೇ ಉಳಿಯಿತು — ಪರವಾಗಿಲ್ಲ, ಧೂಳು, ಆಕಾಶದ ಧೂಳು, ಹೈಸ್ಕೂಲಿನ ಸದಾಶಿವಪ್ಪ ಮೇಷ್ಟ್ರೇ ಹೇಳಿದ್ದಾರಲ್ಲ, ಪ್ಯಾಂಟಿನ ಮಡಿಕೆ ಬಿಚ್ಚಿಸಲು ಬಂದವರು ವಿಜ್ಞಾನವನ್ನೂ ಬಿಚ್ಚಿಟ್ಟುಕೊಂಡು ಕೂತಿದ್ದರು, ಎಲ್ಲೋ ದ್ವೀಪದಾಗೆ ಬೆಂಕಿಬೆಟ್ಟ ಕಾರಿಕೊಂಡೈತೆ ಸಾಬ್ರೇ, ಅದರ ಧೂಳು ಮೋಡಕ್ಕಿಂತ ಮೇಲೆ ಹೋಗಿ ಕೂತೈತೆ, ಅಲ್ಲಿ ಮಳೆ ಇಲ್ಲ, ತೊಳೆದು ಹೋಗಂಗಿಲ್ಲ, ಅದನ್ನ ಅಳೆಯಾಕೆ ಈ ಎಪ್ಪತ್ತೊಂಬತ್ತರಾಗೆ ಒಂದು ಉಪಗ್ರಹ ಬಿಟ್ಟಾರೆ. ಆಕಾಶ ಅಳೆಯೋ ಟೇಪು ಯಾವ ಅಂಗಡಿಯದು ಮೇಷ್ಟ್ರೇ, ಎಂದು ಇವನು ನಕ್ಕಿದ್ದ, ಮೇಷ್ಟ್ರು ನಗಲಿಲ್ಲ, ಸೂರ್ಯನೇ ಟೇಪು, ಆ ಉಪಗ್ರಹ ಮೊದಲು ಗಾಳಿನೇ ಇಲ್ಲದ ಕಡೆಯಿಂದ ಚೊಕ್ಕ ಸೂರ್ಯನ್ನ ನೋಡತೈತೆ, ಆಮೇಲೆ ಅವನು ಮುಳುಗೋವಾಗ ಭೂಮಿ ಅಂಚಿನ ಗಾಳಿಯೊಳಗಿಂದ ನೋಡತೈತೆ, ಎಷ್ಟು ಮಂಕಾತೋ ಅಷ್ಟು ಧೂಳು. ಅವತ್ತು ಗುಲಾಬ್ ಸಾಬನ ಎದೆಯ ಮೇಲಿನ ಕಲ್ಲು ಇಳಿದಿತ್ತು, ಬೀದಿದೀಪದ ಸುತ್ತ ಬಳೆ ಕಾಣುವುದು, ಸೂಜಿಯ ಕಣ್ಣು ಮಾಯವಾಗುವುದು, ಎಲ್ಲಕ್ಕೂ ಆ ಬೆಟ್ಟವೇ ಹೊಣೆ, ಪಾಪದ ಬೆಟ್ಟ, ಹೆಂಡತಿ ಕುಬ್ರಾ ಬೀ ಮಾತ್ರ ಸೂಜಿಗೆ ದಾರ ಪೋಣಿಸಿಕೊಡುತ್ತ ಅಂದಳು, ಅಂಗಡಿ ಒಳಗೂ ಆ ಧೂಳು ಇಳಿದೈತೇನ್ರಿ, ಸೊರಬದಾಗೆ ಕಣ್ಣಿನ ಕ್ಯಾಂಪ್ ಮಾಡ್ಯಾರಂತೆ, ಬೆಳಗಿನ ಬಸ್ಸಿಗೆ ಹೋಗಿ ಬರಾಣ, ಇವನು ಹೋಗಲಿಲ್ಲ, ಹೋದರೆ ಪೊರೆ ಅನ್ನುತ್ತಾರೆ, ಪೊರೆ ಬಂದವನ ಮಾತಿಗೆ ಊರು ಮೊಹರಂ ಮಾಡೀತೇ.

ಅಬ್ಬಾ ತೀರಿಕೊಂಡ ಮೇಲೆ ಮೊಹರಂ ಚಂದ್ರನನ್ನು ಮೊದಲು ಕಾಣುವ ಕಣ್ಣು ಇವನದೇ, ಇವನು ಕಂಡಿತು ಅನ್ನಬೇಕು, ಕುಣಿ ತೋಡುವ ಗುತ್ಯಪ್ಪ ಎತ್ತಿದ ಗುದ್ದಲಿ ಆಗ ಹಬ್ಬದ ಬೆಂಕಿ ಉರಿಸುವ ಅಲಾಯಿ ಕುಣಿಗೆ ಬೀಳಬೇಕು, ಹಬ್ಬ ಶುರುವಾಗುವುದೇ ಆ ಸದ್ದಿನಿಂದ, ಚಿಕ್ಕಂದಿನಲ್ಲಿ ಗುತ್ಯಪ್ಪನ ಅಪ್ಪನ ಕೈಯಲ್ಲೂ ಅದೇ ಗುದ್ದಲಿ, ಅಬ್ಬಾನ ಹೆಗಲ ಮೇಲೆ ಕೂತ ತಾನು, ಅಗೋ ಬೇಟಾ, ಉಗುರು ಕತ್ತರಿಸಿ ಒಗೆದಂಗೆ ಐತಲ್ಲ ಅದೇ — ಕಂಡಿತ್ತು, ಎಷ್ಟು ತೆಳ್ಳಗೆ, ಎಷ್ಟು ಸ್ಪಷ್ಟ, ಈಗ ಪಡುವಣವೆಲ್ಲ ಗುಲಾಬಿ, ಆಮೇಲೆ ನೇರಳೆ, ನೀರಿನಲ್ಲೂ ನೇರಳೆ, ಅಬ್ಬಾನ ಹೆಗಲೇ ಇನ್ನೂ ಕಾಲ ಕೆಳಗಿದೆಯೇನೋ ಎನ್ನುವಂತೆ ಮೈ ತೂಗುತ್ತದೆ, ಎಲ್ಲಿ, ಹುಣಸೆಮರದ ಎಡಕ್ಕೋ, ಇನ್ನೂ ಮೇಲೋ, ಏನೂ ಇಲ್ಲ, ಧೂಳು, ಇವತ್ತು ಜಾಸ್ತಿಯೇ ಧೂಳು, ನಾಳೆ ನೋಡೋಣ ಅಂದುಬಿಟ್ಟರಾಯಿತು, ಮೇಲಿನ ಉಪಗ್ರಹವೂ ಸಾಕ್ಷಿ ಹೇಳುತ್ತದೆ.

ಹೇಳಲೆಂದೇ ಹಿಂದೆ ತಿರುಗಿದ, ಏರಿಯ ಕೆಳಗೆ ನಾಲ್ಕೇ ಹೆಜ್ಜೆ ದೂರದ ಕುಣಿಯ ಸುತ್ತ ಜನ ನಿಂತಿದ್ದಾರೆ, ಮುಖಗಳೆಲ್ಲ ಪಡುವಣಕ್ಕೆ ಎತ್ತಿವೆ, ಕೆಲವರ ಕೈ ಬೊಗಸೆಯಾಗಿದೆ, ಕೆಲವರದು ಜೋಡಿಸಿದೆ, ತುಟಿಗಳು ಸದ್ದಿಲ್ಲದೆ ಚಂದ್ರ ಕಂಡಾಗಿನ ದುವಾ ಓದುತ್ತಿವೆ, ಕುಬ್ರಾ ಬೀಯ ತುಟಿಯೂ — ಕಂಡಿದ್ದಾರೆ, ಎಲ್ಲರೂ ಯಾವಾಗಲೋ ಕಂಡುಬಿಟ್ಟಿದ್ದಾರೆ, ತನಗಾಗಿ ಸುಮ್ಮನಿದ್ದಾರೆ. ಅದೇ ಧೂಳು ಅವರ ತಲೆಯ ಮೇಲೂ ಇದೆ. ಮೇಷ್ಟ್ರೇ, ಚೊಕ್ಕ ಸೂರ್ಯ ಇವರ ಕಣ್ಣಲ್ಲಿದ್ದಾನೆ, ಮಂಕಾದವನು ನನ್ನ ಕಣ್ಣಲ್ಲಿ, ಲೆಕ್ಕ ಸರಿಹೋಯಿತು, ಗುಲಾಬ್ ಸಾಬನಿಗೆ ಭಯವಾಯಿತು, ಮಗುವಿನ ಹಾಗೆ ಭಯವಾಯಿತು, ಕಂಡಿತು ಅಂದರೆ ಸುಳ್ಳು ಸಾಕ್ಷಿ, ಅದೂ ಈ ಚಂದ್ರನ ಎದುರಿಗೆ, ಗುತ್ಯಪ್ಪ ಗುದ್ದಲಿ ಎತ್ತಿ ಹಿಡಿದಿದ್ದಾನೆ, ಮೆಲ್ಲಗೆ ಅನ್ನುತ್ತಾನೆ, ಸಾಬ್ರೇ, ನಿಮ್ಮ ಮಾತಿಗೇ ಕಾಯ್ತಿದೀವಿ. ನಂಗೆ ಕಾಣ್ಲಿಲ್ಲ ಗುತ್ಯಪ್ಪ, ಅಂದ, ನಿಮಗೆ ಕಂಡೈತಲ್ಲ, ಹಾಕು. ಗುದ್ದಲಿ ಇಳಿಯಲಿಲ್ಲ. ಹಾಕಪ್ಪಾ. ನೇರಳೆ ಬೆಳಕಿನಲ್ಲಿ ಗುತ್ಯಪ್ಪನ ತಲೆಯ ಮೇಲೆ ಗುದ್ದಲಿ ಹಾಗೇ ನಿಂತಿತ್ತು.