ಪ್ಯಾಲೇಸಿನ ಆರ್ಗನ್ನು

ಊರಿನ ಪ್ಯಾಲೇಸ್ ಚಿತ್ರಮಂದಿರವನ್ನು ಕೆಡವುವಾಗ ಕೊಳವೆಗಳಿಗೆ ಗಾಳಿ ಊದಿ ನುಡಿಸುವ ಅದರ ಹಳೆಯ ಆರ್ಗನ್ನು ಗುಜರಿಗೆ ಹೋಗದಂತೆ ತಡೆದವನು ವಿಲ್ಬರ್ ಹಾಗ್ಲಂಡ್. ಮನೆಮನೆಗೆ ಬಿಸಿಗಾಳಿಯ ಕೊಳವೆ ಕೂರಿಸುವ ಕೆಲಸ ಮಾಡಿ ನಿವೃತ್ತನಾದ ಮನುಷ್ಯ. ಗಾಳಿ ಎಲ್ಲಿ ಸೋರುತ್ತದೆ ಎಂದು ದೂರದಿಂದಲೇ ಹೇಳಬಲ್ಲ. ಸಂಗೀತ ಮಾತ್ರ ಅಷ್ಟಕ್ಕಷ್ಟೆ. ಕಾರಿನ ಶೆಡ್ಡಿನ ಸೂರನ್ನು ಎತ್ತರಿಸಿ ಒಳಗೆ ಸಾಲುಸಾಲಾಗಿ ಆರ್ಗನ್ನಿನ ಕೊಳವೆಗಳನ್ನು ನಿಲ್ಲಿಸಿದ. ಗಾಳಿ ಊದುವ ಯಂತ್ರ ನೆಲಮಾಳಿಗೆಗೆ ಇಳಿಯಿತು, ಕೀಲಿಮಣೆಗಳ ದೊಡ್ಡ ಪೀಠ ಹಜಾರಕ್ಕೆ ಬಂತು. ಅಲ್ಲಿದ್ದ ಊಟದ ಮೇಜು ಎಲ್ಲಿ ಹೋಯಿತೆಂದು ಅವನ ಹೆಂಡತಿ ಬೆವರ್ಲಿಯನ್ನು ಮಾತ್ರ ಕೇಳಬೇಡಿ.

"ಅಡುಗೆಮನೆ ಸಿಂಕ್ ಒಂದನ್ನ ಬಿಟ್ಟಿದ್ದೀಯ ನೋಡು. ಅದಕ್ಕೂ ಒಂದು ಕೊಳವೆ ಸಿಕ್ಕಿಸಿಬಿಡು, ಪಾತ್ರೆ ತೊಳೀತಾ ನಾನೂ ಬಾರಿಸ್ತೀನಿ," ಎನ್ನುತ್ತಿದ್ದಳು ಅವಳು.

ಗಾಳಿತಿದಿಗಳ ಕೊಳೆತ ಚರ್ಮಗಳನ್ನೆಲ್ಲ ಬದಲಿಸಿ, ತುಕ್ಕು ಹಿಡಿದ ತಂತಿಗಳ ಕಟ್ಟನ್ನು ಕಿತ್ತು, ಆ ಜಾಗಕ್ಕೆ ಶೂ ಡಬ್ಬಿಯಷ್ಟೇ ಇದ್ದ ಕಂಪ್ಯೂಟರ್ ಪೆಟ್ಟಿಗೆಯೊಂದನ್ನು ಕೂರಿಸಿದ. ಅದಕ್ಕೊಂದು ಹೆಚ್ಚಿನ ವಿದ್ಯೆ ಗೊತ್ತಿತ್ತು. ಯಾರು ಬಾರಿಸಿದರೂ ನೆನಪಿಟ್ಟುಕೊಂಡು, ಗುಂಡಿ ಒತ್ತಿದರೆ ಅದೇ ಕೊಳವೆಗಳಲ್ಲಿ ಚಾಚೂ ತಪ್ಪದೆ ಮತ್ತೆ ನುಡಿಸುತ್ತಿತ್ತು. ಕೀಲಿಗಳು ಮಾತ್ರ ಅಲುಗುತ್ತಿರಲಿಲ್ಲ.

ವಸಂತದಲ್ಲಿ ಆರ್ಗನ್ನಿಗೆ ಜೀವ ಬಂದಾಗ ವಿಲ್ಬರ್ ಮೊದಲು ಕರೆಸಿದ್ದು ಇರ್ಮಾ ಡಾಲಳನ್ನು. ಎಂಬತ್ತು ದಾಟಿದ ಇರ್ಮಾ ಹರೆಯದಲ್ಲಿ ಪ್ಯಾಲೇಸಿನಲ್ಲಿ ಸಿನಿಮಾ ಶುರುವಾಗುವ ಮುಂಚೆ ಇದೇ ಆರ್ಗನ್ ಬಾರಿಸುತ್ತಿದ್ದವಳು. ಅವತ್ತು ಅವಳು ಬಾರಿಸಿದ್ದು ತೀರಿಹೋದ ಗಂಡನಿಗಾಗಿ ತಾನೇ ಕಟ್ಟಿದ್ದ ವಾಲ್ಟ್ಸ್, ಜೋಡಿ ಕುಣಿತದ ಧಾಟಿ. "ಈ ಮುದಿ ಪ್ರಾಣಿಗೆ ನನ್ನ ಕೈ ಇನ್ನೂ ಗೊತ್ತು ಕಣೋ," ಎಂದು ಮಗುವಿನ ಹಾಗೆ ನಕ್ಕಳು. ಬೇಸಿಗೆಯಲ್ಲಿ ಅವಳಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು.

ವಿಲ್ಬರ್ ಸೇರಿದ್ದ ಆರ್ಗನ್ ಕ್ಲಬ್ಬಿನವರು ಒಬ್ಬೊಬ್ಬರ ಮನೆಯಲ್ಲಿ ಸೇರುವುದು ರೂಢಿ. ಮೊದಲು ಮನೆಯವನು ಬಾರಿಸಬೇಕು; ಆಮೇಲೆ ಯಾರು ಬೇಕಾದರೂ ಕೂರಬಹುದು. ಬಾರಿಸಲು ಬಾರದವನನ್ನು ಅವರು ಕೊಳವೆ ಕಾಯುವವನು ಎಂದು ನಗೆಯಾಡುತ್ತಾರೆ. ಶರತ್ಕಾಲದ ಸಭೆ ವಿಲ್ಬರನ ಮನೆಯಲ್ಲಿ ನಿಗದಿಯಾಯಿತು. ಬೇಸಿಗೆಯಿಡೀ ತಿಣುಕಿದ್ದರೂ ಅವನ ಎಡಗೈ ಬಲಗೈಯ ಮಾತು ಕೇಳಲೊಲ್ಲದು. ಇರ್ಮಾಳೋ, ಬರಲಾರೆ, ಆರ್ಗನ್ ನೋಡಿದರೆ ಸಂಕಟವಾಗುತ್ತದೆ ಎಂದು ಫೋನಿನಲ್ಲಿ ಹೇಳಿದ್ದಳು. ಆ ಮಾತೇ ಅವನಿಗೆ ಧೈರ್ಯ ಕೊಟ್ಟಿತು. ಭಾನುವಾರ ಜನ ತುಂಬಿದ ಹಜಾರಕ್ಕೆ ಬೆನ್ನು ಹಾಕಿ ಕೂತು, ಇರ್ಮಾಳ ವಾಲ್ಟ್ಸ್ ಉಳಿಸಿಕೊಂಡಿದ್ದ ಪೆಟ್ಟಿಗೆಯ ಗುಂಡಿ ಒತ್ತಿ, ಕೀಲಿಗಳ ಮೇಲೆ ಸುಮ್ಮನೆ ಕೈಯಾಡಿಸಿದ. ಅವನ ಅಗಲವಾದ ಬೆನ್ನು ಎಲ್ಲವನ್ನೂ ಮರೆಮಾಡಿತು.

ಚಪ್ಪಾಳೆ ಬಿತ್ತು. ತಿರುಗಿದರೆ ಬಾಗಿಲ ಬಳಿ ಗಾಲಿಕುರ್ಚಿಯಲ್ಲಿ ಇರ್ಮಾ! ಕ್ಲಬ್ಬಿನ ಅಧ್ಯಕ್ಷ ಗಾರ್ಡನ್ ಬಲವಂತ ಮಾಡಿ ಕರೆತಂದಿದ್ದ.

"ಏನಯ್ಯಾ ವಿಲ್ಬರ್, ಈ ಕೈನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ? ಕಣ್ಣು ಮುಚ್ಚಿಕೊಂಡ್ರೆ ಸಾಕ್ಷಾತ್ ಇರ್ಮಾನೇ! ಅಲ್ವಾ ಇರ್ಮಾ?"

"ಹೌದು. ನನ್ನದೇ ಅನ್ನಿಸ್ತು," ಎಂದಳು ಇರ್ಮಾ. ಅವಳ ಕಣ್ಣು ಒದ್ದೆಯಾಗಿತ್ತು.

ವಿಲ್ಬರನಿಗೆ ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಎನಿಸಿತು.

"ಈಗ ಯಾರು ಬೇಕಾದ್ರೂ ಕೂರಬಹುದಲ್ವಾ? ಹಾಗಾದ್ರೆ ನಾನು ಕೂರ್ತೀನಿ. ಬಲಗೈ ನನ್ನದು, ಎಡಗೈ ನೀನಾಗು ವಿಲ್ಬರ್. ಇಷ್ಟು ಚೆನ್ನಾಗಿ ಕಲ್ತಿದ್ದೀಯಲ್ಲ," ಎಂದಳು ಅವಳು.

ಇಬ್ಬರು ಹಿಡಿದು ಅವಳನ್ನು ಅವನ ಪಕ್ಕ ಕೂರಿಸಿದರು. ಅವಳ ಬಲಗೈ ಹಗುರವಾಗಿ ಹೊರಟಿತು. ಅವನ ಎಡಗೈ ಹಿಂದೆ ಬಿತ್ತು, ಬೇಡದ ಕೀಲಿಗಳನ್ನು ಒತ್ತಿತು, ದೊಡ್ಡ ಕೊಳವೆಯೊಂದನ್ನು ಕೋಣದ ಹಾಗೆ ಅರಚಿಸಿತು. ಹಿಂದಿನಿಂದ "ಅಯ್ಯೋ ಪಾಪ" ಎಂಬ ಪಿಸುಮಾತು ಕೇಳಿಸಿತು. ಆಗಷ್ಟೇ ಒಂದು ತಪ್ಪೂ ಇಲ್ಲದೆ ಬಾರಿಸಿದವನು ಎಡವಿಯಾನೇ? ಪಾಪ ಎಂದದ್ದು ಇರ್ಮಾಳಿಗೆ. ಅವನು ಕೈ ತೆಗೆಯಲು ಹೋದ.

"ನಿಲ್ಲಿಸಬೇಡ," ಎಂದಳು ಇರ್ಮಾ, ಅವನಿಗಷ್ಟೇ ಕೇಳುವಂತೆ.

ಕೊನೆಯವರೆಗೂ ಅವಳ ವಾಲ್ಟ್ಸನ್ನು ಅವಳ ಪಕ್ಕದಲ್ಲೇ ಕೂತು ಹಾಳುಗೆಡವಿದ. ಮುಗಿದಾಗ ಜನ ಮೆಲ್ಲಗೆ, ಕಾಯಿಲೆಯವರ ಮನೆಯಲ್ಲಿ ಮಾತಾಡುವ ಹಾಗೆ, ಚಪ್ಪಾಳೆ ತಟ್ಟಿದರು.

"ಬೇಜಾರು ಮಾಡ್ಕೋಬೇಡಿ ಇರ್ಮಾ," ಎಂದ ಗಾರ್ಡನ್. "ಲಕ್ವ ಹೊಡೆದ ಮೇಲೆ ಇಷ್ಟಾದ್ರೂ ಬಂತಲ್ಲ. ವಿಲ್ಬರ್ ಇದ್ದದ್ದಕ್ಕೆ ಹೇಗೋ ದಡ ಸೇರಿತು."

ಇರ್ಮಾ ಉತ್ತರಕ್ಕೆ ಕಾದವಳಂತೆ ವಿಲ್ಬರನ ಮುಖ ನೋಡಿದಳು. ಅವನು ಎದ್ದು ನಿಂತ.

"ತಪ್ಪು ಅವರದ್ದಲ್ಲ. ಈಗ ತಪ್ಪಿದ್ದೆಲ್ಲ ನಾನು."

ಮರುಕ್ಷಣ ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. "ಎಂಥಾ ದೊಡ್ಡ ಮನಸ್ಸಯ್ಯಾ ನಿಂದು!" ಎಂದ ಗಾರ್ಡನ್. ಬೆವರ್ಲಿ ಹೆಮ್ಮೆಯಿಂದ ಕಣ್ಣೊರೆಸಿಕೊಂಡಳು.

"ಅಷ್ಟೇನಾ ವಿಲ್ಬರ್?" ಎಂದು ಇರ್ಮಾ ಮೆತ್ತಗೆ ಕೇಳಿದಳು.

ಉಳಿದದ್ದು ನಾಲಿಗೆಯ ತುದಿಯವರೆಗೂ ಬಂದಿತ್ತು. ಹೆಂಡತಿಯ ಮುಖ ನೋಡಿದ. ಮಾತು ಅಲ್ಲೇ ಉಳಿಯಿತು. ಇರ್ಮಾಳ ಕಣ್ಣನ್ನು ಎದುರಿಸಲಾಗದೆ ತಲೆ ತಗ್ಗಿಸಿದ. ಚಪ್ಪಾಳೆಗೆ ತಲೆಬಾಗಿದನೆಂದುಕೊಂಡು ಇಡೀ ಹಜಾರ ಎದ್ದು ನಿಂತಿತು.