ಕನ್ನಡಿಯವನ ಜೇಬುಗಳು

ಸಿಟ್ಟು ಬಂದರೆ ಅವನ ಕೈಗಳು ಮಾಯವಾಗುತ್ತಿದ್ದವು. ಗಾಜು ಕೊಯ್ದು ಕನ್ನಡಿಗೆ ಚೌಕಟ್ಟು ಕೂಡಿಸುವ ಆ ಮನುಷ್ಯ, ಗಿರಾಕಿ ಎಷ್ಟೇ ಕೆಣಕಲಿ, ಎರಡೂ ಕೈಗಳನ್ನು ಬೂದು ಕೋಟಿನ ಜೇಬಿಗೆ ಮೊಣಕೈವರೆಗೂ ಇಳಿಸಿ, ಭುಜ ಕುಗ್ಗಿಸಿ, "ಆಯ್ತು, ಆಯ್ತು, ಆಯ್ತು" ಎನ್ನುತ್ತಿದ್ದ. ಮೂರನೆಯದು ಮೆತ್ತಗೆ ಬಂತೆಂದರೆ ಗಂಡಾಂತರ ಕಳೆದಂತೆ. ಬೀದಿಯವರ ಬಾಯಲ್ಲಿ ಅವನು ಸಾಧುಪ್ರಾಣಿ. ಒಳಗೆ ಬಿಗಿದ ಮುಷ್ಟಿಗೆ ಜೇಬಿನ ಹೊಲಿಗೆ ಹರಿಯುತ್ತಿದ್ದುದು ಅದನ್ನು ಮತ್ತೆ ಹೊಲಿಯುವ ಹೆಂಡತಿಗೊಬ್ಬಳಿಗೇ ಗೊತ್ತು.

ಅವನಪ್ಪ ಮಾತಿಗೆ ಮೊದಲು ಕೈ ಮಾಡುವ ಪೈಕಿ. ಆ ಕೈಯ ಏಟಿಗೇ ಮಗನ ಎಡಗಿವಿ ಕಿವುಡಾಯಿತು. ಆಮೇಲೆ ಅವನನ್ನು ಕರೆದೊಯ್ದು ಸಾಕಿದ ಸೋದರತ್ತೆ, ಪೋರ ಜೊತೆಯವನೊಬ್ಬನ ಹಲ್ಲುದುರಿಸಿ ಬಂದ ದಿನ, ಬೈಯಲಿಲ್ಲ, ಹೊಡೆಯಲಿಲ್ಲ. ಅಂಗೈ ತಿರುಗಿಸಿ ನೋಡಿದಳು. "ನಮ್ಮ ಮನೆತನದ ಕೈ ಕಣೋ ಇದು, ನಂಗೂ ಇದೆ. ಕಡಿದು ಬಿಸಾಕೋಕಾಗುತ್ತಾ? ಇರೋಕೊಂದು ಜಾಗ ಮಾಡ್ಕೊಡೋಣ" ಎಂದು ಅಂದೇ ಅವನ ಕೋಟಿನ ಜೇಬುಗಳನ್ನು ಆಳ ಮಾಡಿ ಹೊಲಿದಳು. ಆಮೇಲೆ ಬಂದ ಕೋಟುಗಳಿಗೆಲ್ಲ ಅದೇ ಶಾಸ್ತ್ರ.

ಮಗಳು ಹುಟ್ಟಿದಂದಿನಿಂದ ಅವನಿಗೆ ಒಂದೇ ಭಯ: ಈ ಕೈ ಒಂದು ದಿನ ಅವಳ ಮೇಲೆ ಬಿದ್ದರೆ? ಅವಳಿಗೋ ಅವನದೇ ಕೂಡುಹುಬ್ಬು, ಮೂಗಿನ ತುದಿಯಲ್ಲೇ ಕೋಪ.

ಅವಳಿಗೆ ಎಂಟು ತುಂಬಿದ ವರ್ಷ ಆ ದಿನ ಬಂತು. ಒಂಬತ್ತು ದಿನ ಕೂತು ಮಾಡಿದ ಆಳೆತ್ತರದ ಕನ್ನಡಿ ಸಂಜೆ ದರ್ಜಿಯ ಅಂಗಡಿಗೆ ಹೋಗಬೇಕಿತ್ತು. "ಆಡೋಕೆ ಹೋಗೋದು ಬೇಡ ಅಂದ್ರೆ ಬೇಡ" ಎಂದಳು ತಾಯಿ. "ನೀನು ಅಂದುಬಿಟ್ರೆ ಮುಗೀತಾ?" ಎಂದು ಮಗಳು ಕೈಗೆ ಸಿಕ್ಕಿದ ಸುತ್ತಿಗೆಯನ್ನು ಬೀಸಿ ಎಸೆದಳು. ಕನ್ನಡಿ ಒಡೆದ ಸದ್ದಿಗೆ ಅವನು ಒಳಗಿನಿಂದ ಬರಿ ಅಂಗಿಯಲ್ಲೇ ಓಡಿಬಂದ. ಕೋಟು ಹೆಂಡತಿಯ ತೊಡೆಯ ಮೇಲಿತ್ತು, ಜೇಬಿನ ಹೊಲಿಗೆ ಬಿಚ್ಚಿಕೊಂಡು, ಸೂಜಿ ಚುಚ್ಚಿಕೊಂಡು.

ಕೈ ಮೇಲೆದ್ದಿತು. ನೆಲದ ಚೂರುಚೂರಿನಲ್ಲೂ ಅವನಿಗೆ ಕಂಡದ್ದು ಅಪ್ಪನ ಕೈ.

"ರೀ!" ಎಂದಳು ಹೆಂಡತಿ, ಏಳಲಾಗದೆ.

ಮಗಳು ಓಡಲಿಲ್ಲ. ಹುಬ್ಬಿನಡಿಯಿಂದಲೇ ದುರುಗುಟ್ಟುತ್ತ, ಎರಡೂ ಮುಷ್ಟಿಗಳನ್ನು ಲಂಗದ ಪುಟ್ಟ ಜೇಬುಗಳಿಗೆ ತುರುಕಿ, ಭುಜ ಕುಗ್ಗಿಸಿ, "ಆಯ್ತು... ಆಯ್ತು..." ಎಂದಳು. ಅವಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮೂರನೆಯದು ಬರಲಿಲ್ಲ.

"ಆಯ್ತು" ಎಂದ ಅವನು, ಮೆತ್ತಗೆ. ಎತ್ತಿದ ಕೈಗೆ ಎಲ್ಲಾದರೂ ಹೋಗಬೇಕಿತ್ತಲ್ಲ. ಅದು ಬಂದು ಅವಳ ಜೇಬಿನೊಳಗೆ, ಅವಳ ಮುಷ್ಟಿಯ ಮೇಲೆ ಕೂತಿತು. ಜೇಬು ಚರ್ರೆಂದು ಹರಿಯಿತು.

ಇಂಥವರನ್ನು ನಾವು ಹುಟ್ಟಾ ಶಾಂತರೆಂದು ಹೊಗಳಿ ಮುಂದೆ ಹೋಗುತ್ತೇವೆ. ಹುಟ್ಟಿನಿಂದ ಅವರಿಗೆ ಬಂದದ್ದು ಬೆಂಕಿ. ಶಾಂತಿಯನ್ನು ಯಾರೋ ಕೂತು ಹೊಲಿದುಕೊಟ್ಟಿರುತ್ತಾರೆ. ಅದು ಹರಿಯುತ್ತಲೇ ಇರುತ್ತದೆ, ಮನೆಯಲ್ಲಿ ಯಾರಾದರೊಬ್ಬರು ಸೂಜಿ ಹಿಡಿದೇ ಇರಬೇಕಾಗುತ್ತದೆ.