ಎಂಟು ಮನೆಯ ಫೋನು

ಸಾವಿರದ ಒಂಬೈನೂರ ಐವತ್ತೈದು ಎಂದರೆ ಕೆಲವರಿಗೆ ಬೇಸ್‌ಬಾಲ್‌ನಲ್ಲಿ ಬ್ರೂಕ್ಲಿನ್ ತಂಡ ಕೊನೆಗೂ ಗೆದ್ದ ವರ್ಷ, ಕೆಲವರಿಗೆ ಮಾಂಟ್‌ಗೊಮರಿಯ ಕಪ್ಪು ಜನ ಬಸ್ಸು ಹತ್ತದೆ ನಡೆದ ವರ್ಷ. ನನ್ನನ್ನು ಕೇಳಿದರೆ, ಅದು ನಮ್ಮಮ್ಮ ಫೋನಿನಲ್ಲಿ ಸಿಕ್ಕಿಬಿದ್ದ ವರ್ಷ! ನೆನೆದರೆ ಈಗಲೂ ನಗು, ಅಳು ಎರಡೂ ಬರುತ್ತವೆ.

ಏಪ್ರಿಲಿನಲ್ಲಿ ಪೋಲಿಯೋ ಲಸಿಕೆ ಫಲಿಸಿತೆಂದು ರೇಡಿಯೋ ಹೇಳಿದಾಗ ಅಯೋವಾದ ನಮ್ಮ ಹಳ್ಳಿಯಲ್ಲಿ ಚರ್ಚಿನ ಗಂಟೆ ಒಂದೇ ಸಮನೆ ಹೊಡೆದುಕೊಂಡಿತು. ಅಕ್ಕ ವರ್ಲಾಳಿಗೆ ಮಾತ್ರ ಅದು ಮೂರು ವರ್ಷ ತಡ. ಹದಿಮೂರರ ಹುಡುಗಿ, ಎರಡೂ ಕಾಲಿಗೆ ಕಬ್ಬಿಣದ ಪಟ್ಟಿ. ತಿಂಗಳು ತುಂಬುವುದರೊಳಗೆ ಇನ್ನೊಂದು ಸುದ್ದಿ: ಎಲ್ಲೋ ಕೆಲವು ಮಕ್ಕಳಿಗೆ ಆ ಸೂಜಿಯಿಂದಲೇ ಕಾಯಿಲೆ ಬಂದಿದೆಯಂತೆ. ಆ ಮದ್ದನ್ನು ಹಿಂದಕ್ಕೆ ತೆಗೆದುಕೊಂಡು, ಪರೀಕ್ಷಿಸಿದ ಹೊಸದನ್ನು ಕಳಿಸಿದರು. ಆದರೂ ಅಮ್ಮನ ಹೆದರಿಕೆ ಹೋಗಲಿಲ್ಲ. ಏಳು ವರ್ಷದ ನನಗೆ ಸೂಜಿ ಹಾಕಲು ಶಾಲೆಯಿಂದ ಬಂದ ಒಪ್ಪಿಗೆ ಚೀಟಿ ಸಹಿಯಿಲ್ಲದೆ ಸಕ್ಕರೆ ಡಬ್ಬಿಯ ಕೆಳಗೆ ಬಿದ್ದಿತ್ತು.

"ನೆಟ್ಟಗಿರೋ ಈ ಆರ್ಡಿಸ್ ಒಬ್ಳನ್ನೂ ನನ್ನ ಕೈಯಾರೆ ಹಾಳು ಮಾಡ್ಲಾ? ಆಗಲ್ಲ ಅಂದ್ರೆ ಆಗಲ್ಲ!" ಎಂದಳು ಅಮ್ಮ.

ಚೀಟಿ ಕೊಡಲು ಬುಧವಾರ ಕೊನೆಯ ದಿನ. ಮಂಗಳವಾರ ಅಮ್ಮ ಎಂದಿನಂತೆ ಕೌದಿ ಹೊಲಿಯಲು ಟಾಲೆಫ್ಸನ್‌ರ ಮನೆಗೆ ಹೋದಳು. ವರ್ಲಾ ಗೋಡೆಯ ಫೋನಿನ ಹಿಡಿ ತಿರುಗಿಸಿ ಗೆಳತಿ ಜೋಯೆಟ್‌ಳನ್ನು ಕರೆದಳು. ನಮ್ಮದು, ಟಾಲೆಫ್ಸನ್‌ರದು ಸೇರಿ ಎಂಟು ಮನೆಗೆ ಒಂದೇ ತಂತಿ. ಯಾರಿಗೆ ಕರೆ ಬಂದರೂ ಎಲ್ಲರ ಮನೆಯಲ್ಲೂ ಗಂಟೆ, ಎಲ್ಲರೂ ಮೆಲ್ಲಗೆ ಎತ್ತಿ ಕಿವಿಗಿಡುವವರೇ. ಈಗಿನ ಫೋನಿನಲ್ಲಿ ಏನಿದೆ ಮಣ್ಣು! ಕದ್ದು ಕೇಳಿದರೆ ಯಾರೂ ಬೇಸರಪಡುತ್ತಿರಲಿಲ್ಲ, ನಡುವೆ ಬಾಯಿ ಮಾತ್ರ ಹಾಕಬಾರದು.

"ಅಮ್ಮ ಸಹಿ ಹಾಕ್ತಿಲ್ಲ ಕಣೇ," ಎಂದಳು ವರ್ಲಾ. "ನನ್ನನ್ನ ಕೆರೆಗೆ ಈಜೋಕೆ ಕಳಿಸಿದ್ದು ತಾನೇ, ಅಲ್ಲೇ ಕಾಯಿಲೆ ಅಂಟ್ತು ಅಂತ ಮೂರು ವರ್ಷದಿಂದ ಕೊರಗ್ತಿದಾಳೆ, ಪಾಪ. ನನಗೆ ಅದಕ್ಕೆ ಕೋಪ ಇಲ್ಲ. ಆಗ ಈ ಸೂಜಿ ಎಲ್ಲಿತ್ತು? ಈಗ ಇದೆಯಲ್ಲ. ಆರ್ಡಿಸ್ ಕಾಲಿಗೂ ಈ ಕಬ್ಬಿಣ ಬಂದ್ರೆ ಮಾತ್ರ ನಾನು ಕ್ಷಮಿಸಲ್ಲ."

"ಅಯ್ಯೋ, ಮೆಲ್ಲಗೆ ಮಾತಾಡೇ! ಊರೆಲ್ಲ ಕೇಳ್ತಿದೆ."

"ಕೇಳ್ಲಿ ಬಿಡೇ."

ನಡುವೆ ಇನ್ನೊಂದು ದನಿ ಬಂತು, ಪಕ್ಕದಲ್ಲಿದ್ದ ನನಗೂ ಕೇಳಿಸಿತು: "ವರ್ಲಾ, ಫೋನಿಡು. ಬರ್ತಿದೀನಿ."

ನಮ್ಮಮ್ಮ!

ಬಂದವಳು ಟೋಪಿಯನ್ನೂ ತೆಗೆಯದೆ ಸಹಿ ಹಾಕಿದಳು. ಮುಂದಿನ ಬೇಸಿಗೆ ನಾನು ಕೆರೆಗಿಳಿದೆ. ವರ್ಲಾ ದಡದಲ್ಲಿ ಕೂತು, "ಕಪ್ಪೆ ಹಾಗೆ ಒದೀಬೇಡ್ವೇ!" ಎಂದು ಬೈಯುತ್ತಿದ್ದಳು.

"ಅವತ್ತು ಅಮ್ಮ ಕೇಳ್ತಿದಾಳೆ ಅಂತ ನಿಂಗೆ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ದೆ ಏನು? ಆಸ್ಪತ್ರೇಲಿ ಹನ್ನೊಂದು ವಾರ ನನ್ನ ತಲೆ ಹತ್ರಾನೇ ಕೂತಿದ್ಳು. ಅಮ್ಮನ ಉಸಿರು ನಂಗೆ ಗೊತ್ತಾಗಲ್ವೇನೇ?"